ಪಂಪಾಕ್ಷೇತ್ರದ ರಗಳೆಯ ಕವಿ ಹರಿಹರದೇವ

ಹೊಸಪೇಟೆಯಿಂದ ಹೊರಟು ಕಡ್ಡಿರಾಂಪುರವನ್ನು ದಾಟಿ ಹಂಪೆಯನ್ನು ಹೊಗುವ ಯಾತ್ರಿಕನ ಕಣ್ಣಿಗೆ ಮೊದಲು ಬೀಳುವುದು ಅರಸರ ವೈಭವದ ಅವಶೇಷಗಳೇ. ಶ್ರೀ ವಿರೂಪಾಕ್ಷನ ಗುಡಿಯ ರಂಗಮಂಟಪವು ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ನೆನಪಿಗಾಗಿ ಕಟ್ಟಿಸಿದುದೆಂದು ಅಲ್ಲಿಯ 1510ರ ಶಾಸನವು ಸಾರುತ್ತದೆ. ವಿಜಯನಗರವೆಂಬ ರಾಜಧಾನಿಯೇ 1336ರಿಂದ ಈಚಿನದು. ಆ ಅರಸೊತ್ತಿಗೆಯು ಹುಟ್ಟುವುದಕ್ಕೆ ನೂರು ವರ್ಷಗಳಿಗೂ ಮೊದಲೇ, ಇದೇ ವಿರೂಪಾಕ್ಷನ ಸನ್ನಿಧಿಯಲ್ಲಿ, ಅರಸರನ್ನು ಹೊಗಳಲೊಲ್ಲೆನೆಂದು ಪಣತೊಟ್ಟ ಮಹಾಕವಿಯೊಬ್ಬನು ಬಾಳಿದನು. ಆತನೇ ಹರಿಹರದೇವ, ಹರೀಶ್ವರನೆಂದೂ ಆತನನ್ನು ಕರೆಯುವರು. ಬಸವಣ್ಣನವರ ಚರಿತ್ರೆಯನ್ನು ಕನ್ನಡದಲ್ಲಿ ಮೊತ್ತಮೊದಲು ಕಾವ್ಯವಾಗಿಸಿದ ಪುಣ್ಯ ಆತನದು.

ಹರಿಹರನ ಕಾಲದ ಹಂಪೆಯಲ್ಲಿ ಏಳು ಸುತ್ತಿನ ಕೋಟೆಯಿರಲಿಲ್ಲ, ಆನೆಸಾಲೆಯಿರಲಿಲ್ಲ, ಮುತ್ತುರತ್ನಗಳ ಪೇಟೆಯಿರಲಿಲ್ಲ. ತುಂಗಭದ್ರೆ, ಹೇಮಕೂಟದ ಹಾಸುಬಂಡೆ, ವಿರೂಪಾಕ್ಷನ ಗುಡಿ, ಪಂಪಾತೀರ್ಥಕ್ಕೆ ಬಂದುಹೋಗುವ ಯಾತ್ರಿಕರು, ಇಷ್ಟೇ. ಪಂಪಾದೇವಿಯು ತಪವಿದ್ದು ಶಿವನನ್ನು ವರಿಸಿದ ನೆಲವಿದೆಂಬುದು ಸ್ಥಳಪುರಾಣ. ಹೇಮಕೂಟದಲ್ಲಿಯೇ ಕಾಮನು ಉರಿಗಣ್ಣಿಗೆ ಸಿಕ್ಕಿ ಬೂದಿಯಾದನೆಂದೂ, ಮದುವೆಯ ಕಾಲಕ್ಕೆ ಅಲ್ಲಿಯೇ ಹೊನ್ನಿನ ಮಳೆ ಸುರಿಯಿತೆಂದೂ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ದಂಪತಿಗಳ ಕುಮಾರನು ದಕ್ಷಿಣದಲ್ಲಿ ಸಂಡೂರಿನ ಬೆಟ್ಟದ ಮೇಲೆ, ಪಕ್ಕದಲ್ಲಿಯೇ ತಾಯಿ ಪಾರ್ವತಿಯ ಗುಡಿಯನ್ನು ಇರಿಸಿಕೊಂಡು, ಕುಮಾರಸ್ವಾಮಿಯಾಗಿ ನೆಲಸಿದ್ದಾನೆ. ಹೊಳೆಯ ಕೆಳಹರಿವಿನಲ್ಲಿ ಕಂಪ್ಲಿಯುಂಟು. ಹಿಂದೆ ಕಂಪಿಲಿಯೆಂಬ ಹೆಸರಿನಿಂದ ಚಾಲುಕ್ಯ ಚಕ್ರವರ್ತಿಗಳ ನೆಲೆವೀಡಾಗಿ ಮೆರೆದ ಆ ಪಟ್ಟಣದ ಅರಮನೆಯನ್ನು 11ನೆಯ ಶತಮಾನದಲ್ಲಿ ಚೋಳ ರಾಜಾಧಿರಾಜನ ದಂಡು ನಾಶಮಾಡಿತು. ದೇವರ ದೀಪವು ಆರದೆ ಉರಿಯುವುದನ್ನೂ ಅರಮನೆಯು ಒಂದೇ ದಾಳಿಗೆ ಬೂದಿಯಾಗುವುದನ್ನೂ ಬಲ್ಲ ಸೀಮೆಯಲ್ಲಿ ಹರಿಹರನು ಹುಟ್ಟಿ ಬೆಳೆದನು.

ಆತನದು ಶಿವಭಕ್ತಿಯುಳ್ಳ ವಿಪ್ರ ಮನೆತನ. ಒಡಹುಟ್ಟಿದವಳು ರುದ್ರಾಣಿ, ಆಕೆಯ ಮಗನೇ ಮುಂದೆ ಕವಿಯಾಗಿ ಕೀರ್ತಿವೆತ್ತ ರಾಘವಾಂಕ. ಹರಿಹರನಿಗೆ ಆಶ್ರಯವಿತ್ತ ಹೊಯ್ಸಳ ನರಸಿಂಹಬಲ್ಲಾಳನು 1152ರಿಂದ 1173ರವರೆಗೆ ಆಳಿದ ಮೊದಲನೆಯ ನರಸಿಂಹನೆಂದು ಕೆಲವು ವಿದ್ವಾಂಸರ ಮತ. 1220ರಲ್ಲಿ ಪಟ್ಟವೇರಿದ ಎರಡನೆಯ ನರಸಿಂಹನೆಂದು ಇನ್ನು ಕೆಲವರ ಮತ. ಯಾವ ಪಕ್ಷವನ್ನು ಹಿಡಿದರೂ ಕಲ್ಯಾಣದ ಸಂಗತಿಗಳು ಆತನಿಗೆ ಹಳೆಯ ಪುರಾಣವಾಗಿರಲಿಲ್ಲ. ಅನುಭವಮಂಟಪದ ಶರಣರನ್ನು ಕಂಡವರ, ಕಂಡವರಿಂದ ಕೇಳಿದವರ ನೆನಪು ಇನ್ನೂ ಹಸಿಯಾಗಿದ್ದ ಕಾಲವದು.

ವಿದ್ಯೆಯನ್ನು ಮುಗಿಸಿದ ಹರಿಹರನು ಹೊಯ್ಸಳರ ರಾಜಧಾನಿಯಾದ ದೋರಸಮುದ್ರಕ್ಕೆ ಹೋಗಿ ಅರಮನೆಯಲ್ಲಿ ಕರಣಿಕನಾದನು. ಇಂದಿನ ಹಳೇಬೀಡೇ ಆ ದೋರಸಮುದ್ರ. ಕರಣಿಕನೆಂದರೆ ಆಯವ್ಯಯದ ಲೆಕ್ಕವನ್ನು ಬರೆಯುವವನು. ಸಂಬಳವುಂಟು, ಮರ್ಯಾದೆಯುಂಟು, ಸಂಸಾರಿಗೆ ಬೇಕಾದ ನಿಶ್ಚಿಂತೆಯೂ ಉಂಟು. ಇಂತಹ ಕೆಲಸವನ್ನು ಬಿಡುವುದು ಎಂದಿಗೂ ಸುಲಭವಲ್ಲ. ಹರಿಹರನು ಅದನ್ನು ಹೇಗೆ ಬಿಟ್ಟನೆಂಬುದಕ್ಕೆ ಪರಂಪರೆಯಲ್ಲಿ ಒಂದು ಕಥೆ ನಡೆದುಬಂದಿದೆ.

ಒಂದು ದಿನ ಸಭೆಯಲ್ಲಿ ಲೆಕ್ಕವನ್ನು ಒಪ್ಪಿಸುತ್ತಿದ್ದ ಹರಿಹರನು ಇದ್ದಕ್ಕಿದ್ದಂತೆ ಕೈಯಲ್ಲಿದ್ದ ಕಡತವನ್ನು ಎರಡೂ ಅಂಗೈಗಳಿಂದ ಹೊಸೆದುಹಾಕಿದನಂತೆ. ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪುಮಾಡಿದ ಬಟ್ಟೆಯ ಮಡಿಕೆಗೆ ಕಡತವೆಂದು ಹೆಸರು. ಅದರ ಮೇಲೆ ಬಳಪದಿಂದ ಬರೆದುದು ಉಜ್ಜಿದರೆ ಅಳಿಸಿಹೋಗುವುದು. ಅರಸನ ಲೆಕ್ಕವು ಅರಸನ ಕಣ್ಣೆದುರಿಗೇ ಅಳಿದುಹೋಯಿತು. ಹುಚ್ಚು ಹಿಡಿಯಿತೆಂದು ಸಭೆಯವರು ನಕ್ಕರು. ಕಾರಣವನ್ನು ಕೇಳಲಾಗಿ ಹರಿಹರನು, ಹಂಪೆಯಲ್ಲಿ ಆರತಿಯ ಕಾಲಕ್ಕೆ ವಿರೂಪಾಕ್ಷನ ಮುಂದಣ ತೆರೆಗೆ ಕಿಚ್ಚು ಹತ್ತಿತೆಂದೂ, ಅದನ್ನು ಹೊಸೆದು ಆರಿಸಿದೆನೆಂದೂ ಬಿನ್ನವಿಸಿದನು. ಅರಸನು ಹಲವು ದಿನಗಳ ದಾರಿಯ ಹಂಪೆಗೆ ದೂತರನ್ನು ಅಟ್ಟಿ ವಿಚಾರಿಸಿದಾಗ, ಅದೇ ಹೊತ್ತಿಗೆ ತೆರೆಯು ಹೊತ್ತಿಕೊಂಡು ತಾನಾಗಿ ಆರಿದ್ದುದು ತಿಳಿದುಬಂದಿತು. ಇಂತಹ ಭಕ್ತನನ್ನು ಊಳಿಗದಲ್ಲಿ ಇರಿಸಿಕೊಳ್ಳುವುದು ತಕ್ಕುದಲ್ಲವೆಂದು ಅರಸನು ಆತನನ್ನು ಗೌರವದಿಂದ ಬೀಳ್ಕೊಟ್ಟನು.

ಇದನ್ನು ಪವಾಡವೆಂದು ನಂಬುವವರು ನಂಬುವರು. ನಂಬದವರಿಗೂ ಇದರಲ್ಲಿ ಗ್ರಹಿಸತಕ್ಕ ವಿಷಯವುಂಟು. ಮೈ ಅರಮನೆಯಲ್ಲಿದ್ದು ಮನವು ಗುಡಿಯಲ್ಲಿದ್ದ ಮನುಷ್ಯನ ಸ್ಥಿತಿಯನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಲೆಕ್ಕವನ್ನು ಬರೆಯುವ ಕೈಯೇ ಬೇರೊಬ್ಬ ಒಡೆಯನ ಕೆಲಸವನ್ನು ಮಾಡಿಬಂದಿತೆಂಬುದು ಕಥೆಯ ಮರ್ಮ.

ಹಂಪೆಗೆ ಹಿಂದಿರುಗಿದ ಹರಿಹರನು ಕೈಗೊಂಡ ವ್ರತವು ಕನ್ನಡ ಕವಿಗಳಲ್ಲಿ ಅಪೂರ್ವವಾದುದು. ಸಾಯುವ ಮನುಷ್ಯರನ್ನು ಹೊಗಳಿ ನಾಲಗೆಯನ್ನು ಕೆಡಿಸಿಕೊಳ್ಳಲಾರೆನು, ಶಿವನನ್ನೂ ಶಿವಭಕ್ತರನ್ನೂ ಹೊರತು ಇನ್ನಾರನ್ನೂ ಹಾಡೆನು ಎಂಬ ಈ ನಿರ್ಧಾರವನ್ನು ಆತನು ಪಂಪಾಶತಕದಲ್ಲಿ ಬಹು ಕಟುವಾಗಿ ಸಾರಿದ್ದಾನೆ. ಅಂದಿನ ಕವಿಗೆ ಇದರಿಂದ ಆಗುವ ನಷ್ಟವೆಷ್ಟೆಂಬುದನ್ನು ತಿಳಿಯಬೇಕು. 941ರಲ್ಲಿ ಭಾರತವನ್ನು ಬರೆದ ಪಂಪನು ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದನು. ರನ್ನನು ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಹೋಲಿಸಿದನು. 1209ರಲ್ಲಿ ಯಶೋಧರಚರಿತೆಯನ್ನು ಮುಗಿಸಿದ ಜನ್ನನು ಹೊಯ್ಸಳ ವೀರಬಲ್ಲಾಳನಿಂದಲೇ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದವನು. ಇವರ ಕವಿತ್ವವನ್ನು ಹಳಿಯುವಂತಿಲ್ಲ. ಆದರೆ ಕಾವ್ಯದ ಅನ್ನವು ಅರಮನೆಯಿಂದಲೇ ಬರಬೇಕೆಂಬುದು ಅಂದಿನ ಪದ್ಧತಿಯಾಗಿತ್ತು. ಹರಿಹರನು ಆ ಅನ್ನವನ್ನು ಒಲ್ಲೆನೆಂದನು. ಜಂಗಮಪ್ರಸಾದವೇ ಆತನ ವೃತ್ತಿಯಾಯಿತು. ವಿರೂಪಾಕ್ಷನ ಸನ್ನಿಧಿಯೇ ಆಸ್ಥಾನವಾಯಿತು.

ಅಲ್ಲಿ ಆತನಿಗೆ ಪ್ರಿಯವಾದ ಸೇವೆಯೆಂದರೆ ಹೂವಿನದು. ಬೆಳಗಿನ ಜಾವದಲ್ಲಿ ತೋಟವನ್ನು ಹೊಕ್ಕು, ಅರಳಿದ ಹೂಗಳನ್ನು ನೋಯಿಸದಂತೆ ಬಿಡಿಸಿ, ಬುಟ್ಟಿ ತುಂಬಿ ತಂದು ಲಿಂಗಕ್ಕೆ ಏರಿಸುವುದನ್ನು ಆತನು ಮತ್ತೆ ಮತ್ತೆ ಬಣ್ಣಿಸುತ್ತಾನೆ. ಪುಷ್ಪರಗಳೆಯೆಂದು ಪ್ರತ್ಯೇಕ ಕೃತಿಯನ್ನೇ ರಚಿಸಿದ್ದಾನೆ. ಕೂಡಲಸಂಗಮದಲ್ಲಿ ಬಾಲಕ ಬಸವಣ್ಣನವರು ಮಾಡುವ ಪೂಜೆಯ ವರ್ಣನೆಯಲ್ಲಿಯೂ ಈ ಹೂವಿನ ಪರಿಮಳವೇ ತುಂಬಿದೆ. ಕೈಯಿಂದ ಹೂ ಬಿಡಿಸಿದವನಿಗಲ್ಲದೆ ಅಂತಹ ವರ್ಣನೆ ಸಾಧ್ಯವಾಗದು.

ಇನ್ನು ಆತನ ಛಂದಸ್ಸಿನ ವಿಷಯ. ರಗಳೆಯು ಹರಿಹರನು ಹುಟ್ಟಿಸಿದುದಲ್ಲ. ಪಂಪನೇ ಮೊದಲಾದವರು ಚಂಪೂಕಾವ್ಯದ ನಡುವೆ ಅಲ್ಲೊಂದು ಇಲ್ಲೊಂದು ಕಡೆ ಅದನ್ನು ಬಳಸಿದ್ದರು. ಹಬ್ಬದೂಟದ ಬದಿಯ ವ್ಯಂಜನದಂತಿದ್ದ ಅದನ್ನು ಹರಿಹರನು ಊಟವನ್ನೇ ಮಾಡಿದನು. ಮೂರು ಮಾತ್ರೆಯ ಗಣಗಳ ಉತ್ಸಾಹ, ನಾಲ್ಕರ ನಡೆಯ ಮಂದಾನಿಲ, ಐದು ಮಾತ್ರೆಯ ಲಲಿತ ಎಂಬ ಮೂರು ಬಗೆಯಲ್ಲಿ ಎರಡೆರಡು ಸಾಲುಗಳು ಪ್ರಾಸದಿಂದ ಜೋಡಿಯಾಗಿ ಹರಿಯುತ್ತವೆ. ಇಷ್ಟೇ ಸಾಲುಗಳಿರಬೇಕೆಂಬ ಕಟ್ಟಿಲ್ಲ. ಭಕ್ತಿಯು ಉಕ್ಕಿದಷ್ಟು ದೂರ ಓಡಬಹುದು, ಸಾಕೆನಿಸಿದಲ್ಲಿ ನಿಲ್ಲಬಹುದು. ದೀರ್ಘವಾದ ರಗಳೆಗಳಲ್ಲಿ ಒಂದು ಸ್ಥಲವು ಪದ್ಯವಾದರೆ ಮುಂದಿನದು ಗದ್ಯ. ಆ ಗದ್ಯವೂ ವಚನಗಳ ನಡೆಯನ್ನು ಬಲ್ಲ ಗದ್ಯವೇ. ಹಳೆಯ ಪಂಡಿತರು ಜೀವಕ್ಕಿಂತ ಹೆಚ್ಚಾಗಿ ಕಾಪಾಡುತ್ತಿದ್ದ ಱಳ, ಕುಳ, ಕ್ಷಳಗಳೆಂಬ ಅಕ್ಷರಭೇದಗಳನ್ನು ತಾನು ಲೆಕ್ಕಿಸುವುದಿಲ್ಲವೆಂದೂ ಹರಿಹರನು ಮುಂದಾಗಿಯೇ ತಿಳಿಸಿಬಿಟ್ಟನು. ಜನರ ಬಾಯಲ್ಲಿ ಆ ಭೇದಗಳು ಆಗಲೇ ಅಳಿಯುತ್ತಿದ್ದುವು. ಕವಿಯು ಜನರ ಬಾಯನ್ನೇ ಪ್ರಮಾಣವೆಂದು ಹಿಡಿದನು.

ನೂರಕ್ಕೂ ಮಿಕ್ಕಿದ ಆ ರಗಳೆಗಳಲ್ಲಿ ಯಾರ ಚರಿತ್ರೆಯಿದೆಯೆಂಬುದನ್ನು ನೋಡಿದರೆ ವ್ರತದ ಫಲವೇನೆಂಬುದು ತಿಳಿಯುತ್ತದೆ. ಅರಸನನ್ನು ಇಳಿಸಿದ ಪೀಠದ ಮೇಲೆ ಆತನು ಕುಂಬಾರನನ್ನು ಕೂರಿಸಿದನು. ಗುಂಡಯ್ಯನೆಂಬ ಆ ಕುಂಬಾರನು ಮಡಕೆಯನ್ನು ಮಾಡಿ ಜಂಗಮಕ್ಕೆ ನೀಡುವ ಕಾಯಕದವನು. ದೇಹದ ಆಧಾರವನ್ನೇ ತಿಗುರಿಯ ಮೊಳೆಯಾಗಿ ಭಾವಿಸಿ, ಮಣ್ಣು ಕಲಸುವುದರಿಂದ ಮೊದಲ್ಗೊಂಡು ಮಡಕೆ ಸುಡುವವರೆಗಿನ ಒಂದೊಂದು ಕೆಲಸವೂ ಹರಿಹರನ ಕೈಯಲ್ಲಿ ಶಿವಯೋಗವಾಗಿಬಿಡುತ್ತದೆ. ಗುಂಡಯ್ಯನು ಮಡಕೆಯನ್ನು ತಟ್ಟುತ್ತ ಆ ನಾದಕ್ಕೆ ಕುಣಿಯತೊಡಗುವನು. ಆ ನಾದವು ಕೈಲಾಸಕ್ಕೆ ಮುಟ್ಟಿ ಶಿವನು ತಾನೂ ತಡೆಯಲಾರದೆ ಬಂದು ಕುಂಬಾರನ ಮುಂದೆ ಕುಣಿಯುವನು. ಕುಣಿತವು ಯಾರದು, ಮೆಚ್ಚಿಗೆ ಯಾರದು ಎಂದು ಬೇರ್ಪಡಿಸಿ ಹೇಳಲು ಬಾರದಂತೆ ಕವಿಯು ಅದನ್ನು ಹಾಡಿದ್ದಾನೆ.

ಮಾದಾರ ಚೆನ್ನಯ್ಯನ ರಗಳೆಯಲ್ಲಿ ಅರಸನೂ ಬರುತ್ತಾನೆ; ಆದರೆ ಬರುವುದು ಬಾಗುವುದಕ್ಕೆ. ಚೋಳನ ಲಾಯಕ್ಕೆ ಹುಲ್ಲು ತರುವ ಚೆನ್ನಯ್ಯನದು ಗುಪ್ತಭಕ್ತಿ. ಆತನ ಮನೆಯ ಅಂಬಲಿಯನ್ನು ಉಂಡ ಶಿವನಿಗೆ ಅರಸನ ಮೃಷ್ಟಾನ್ನವು ಬೇಡವಾಯಿತು. ಕಾರಣವು ಬಯಲಾಗಿ ಚೋಳನು ಓಡಿಬಂದು ಚೆನ್ನಯ್ಯನ ಕಾಲಿಗೆ ಬಿದ್ದಾಗ, ತನ್ನ ಭಕ್ತಿಯ ಗುಟ್ಟು ರಟ್ಟಾಯಿತಲ್ಲಾ ಎಂದು ಚೆನ್ನಯ್ಯನು ಪಡುವ ಸಂಕಟವು ಓದುಗರ ಎದೆಯನ್ನು ಹಿಂಡುತ್ತದೆ. ಕೋಳೂರ ಕೊಡಗೂಸೆಂಬ ಎಳೆಯ ಹುಡುಗಿಯು ಹಾಲು ಕುಡಿಯೆಂದು ದೇವರ ಮುಂದೆ ಅತ್ತು ಹಟಹಿಡಿಯುವುದನ್ನು ಹಾಡುವಾಗ ಹರಿಹರನು ತಾನೇ ಮಗುವಾಗಿಬಿಡುತ್ತಾನೆ. ತಿರುವಾರೂರಿನ ನಂಬಿಯಣ್ಣನೋ ಭೋಗವನ್ನೂ ಬಿಡದ, ಭಕ್ತಿಯನ್ನೂ ಬಿಡದ ಸಂಸಾರಿ. ಮುನಿದ ಹೆಂಡತಿಯ ಬಳಿಗೆ ಶಿವನನ್ನೇ ಸಂಧಾನಕ್ಕೆ ಕಳುಹಿಸಿದವನು!

ಇವೆಲ್ಲಕ್ಕೂ ಮುಕುಟಪ್ರಾಯವಾದುದು ಬಸವರಾಜದೇವರ ರಗಳೆ. ನಮಗೆ ದೊರೆತಿರುವುದು 13 ಸ್ಥಲಗಳು ಮಾತ್ರ. ಜನಿವಾರವನ್ನು ಕರ್ಮದ ಬಳ್ಳಿಯೆಂದು ಹರಿದೊಗೆದು ಬಾಗೇವಾಡಿಯನ್ನು ಬಿಟ್ಟು ನಡೆದ ಬಸವಣ್ಣನವರು ಕೂಡಲಸಂಗಮದಲ್ಲಿ ನೆಲೆನಿಂತು, ಅಲ್ಲಿಂದ ಒಡೆಯನ ಅಪ್ಪಣೆಯ ಮೇರೆಗೆ ಮಂಗಳವಾಡಕ್ಕೆ ಬರುವರು. ಬಂದು ಮೊದಲು ಕುಳಿತುಕೊಳ್ಳುವುದು ಕರಣಿಕರ ಸಾಲಿನಲ್ಲಿ. ಮೊದಲು ತೋರುವುದು ಲೆಕ್ಕದಲ್ಲಿ ನುಸುಳಿದ್ದ ತಪ್ಪನ್ನು. ಕರಣಿಕನ ಕೆಲಸವನ್ನು ಬಿಟ್ಟುಬಂದ ಕವಿಯು, ಕರಣಿಕರ ನಡುವೆ ಕುಳಿತೂ ಶರಣರಾಗಿ ಉಳಿದ ಮಹಾತ್ಮರನ್ನು ಎಷ್ಟು ವಿಸ್ಮಯದಿಂದ ನೋಡಿರಬಹುದು! ತನಗೆ ಬಿಡುವುದೊಂದೇ ದಾರಿಯಾಗಿ ಕಂಡಿತು; ಬಸವಣ್ಣನವರಿಗೆ ಬಿಜ್ಜಳನ ಭಂಡಾರವೂ ಸಂಗನ ಸೊಮ್ಮಾಯಿತು. ಗೃಹಸ್ಥರಾದ ಭಕ್ತರು ಹರಿಹರನ ಬಾಳಿನ ಬದಿಯಲ್ಲಿ ಹರಿಹರನೇ ಹಾಡಿದ ಈ ಬಾಳನ್ನೂ ಇಟ್ಟು ನೋಡಬೇಕು. ಎಲ್ಲರೂ ಕಡತವನ್ನು ಹೊಸೆದು ಹಂಪೆಗೆ ಹೊರಡಬೇಕಾಗಿಲ್ಲ.

ಹರಿಹರನ ಇನ್ನೊಂದು ಗುಣವು ಕೆಲವು ಭಕ್ತರಿಗೆ ಇರುಸುಮುರುಸನ್ನು ಉಂಟುಮಾಡಿದುದುಂಟು. ಆತನ ಪ್ರಭುದೇವರ ರಗಳೆಯಲ್ಲಿ ಅಲ್ಲಮಪ್ರಭುಗಳು ಕಮಲತೆಯೆಂಬ ಹೆಣ್ಣನ್ನು ಒಲಿದವರು. ಆಕೆಯು ತೀರಿಕೊಂಡಾಗ ದುಃಖದಿಂದ ಅಲೆದವರು. ಆ ಅಲೆದಾಟದಲ್ಲಿಯೇ ಅನಿಮಿಷನಿಂದ ಲಿಂಗವನ್ನು ಪಡೆದು ಬೆಳಗಾದವರು. ಮಹಾದೇವಿಯಕ್ಕನು ತಂದೆತಾಯಿಗಳಿಗೆ ಕೇಡಾಗಬಾರದೆಂದು ಮೂರು ಕರಾರುಗಳ ಮೇಲೆ ಕೌಶಿಕನ ಮನೆಯನ್ನು ಸೇರಿ, ಆತನು ಕರಾರುಗಳನ್ನು ಮುರಿಯಲು ಹೊರಟುಬಂದವಳು. ಇದೇ ಹಂಪೆಯಲ್ಲಿ, 1424ರಿಂದ 1446ರವರೆಗೆ ಆಳಿದ ಪ್ರೌಢದೇವರಾಯನ ಕಾಲದಲ್ಲಿ, ಚಾಮರಸನು ಪ್ರಭುಲಿಂಗಲೀಲೆಯನ್ನು ಬರೆದಾಗ ಈ ಎರಡನ್ನೂ ಒಪ್ಪಲಿಲ್ಲ. ಆತನ ಪ್ರಭುದೇವರು ಮಾಯೆಯನ್ನು ಗೆದ್ದ ನಿರ್ಮಾಯರು. ಆತನ ಅಕ್ಕನು ಕೌಶಿಕನನ್ನು ವರಿಸಲೇ ಇಲ್ಲ. ಚಾಮರಸನದು ತತ್ತ್ವದ ದೃಷ್ಟಿ. ಅದಕ್ಕೆ ಅದರ ಗೌರವವಿದೆ. ಆದರೆ ಶರಣರ ಕಾಲಕ್ಕೆ ಹತ್ತಿರವಿದ್ದವನು ಹರಿಹರ. ಮನುಷ್ಯನಾಗಿ ಹುಟ್ಟಿ, ಎಡವಿ, ಬೆಂದು, ಶರಣನಾದನೆಂದು ಹೇಳುವುದರಿಂದ ಶರಣನ ಮಹಿಮೆ ಕುಂದುವುದೆಂದು ಆತನಿಗೆ ತೋರಲಿಲ್ಲ. ಬೆಂದ ಮಡಕೆಗಲ್ಲವೇ ನೀರು ನಿಲ್ಲುವುದು!

ರಗಳೆಗಳನ್ನು ಕಂಡ ಪಂಡಿತರು ಹರಿಹರನನ್ನು ರಗಳೆಯ ಕವಿಯೆಂದು ಹಾಸ್ಯಮಾಡಿದರೆಂದೂ, ಅವರ ಬಾಯನ್ನು ಕಟ್ಟಲು ಆತನು ಗಿರಿಜಾಕಲ್ಯಾಣವನ್ನು ಬರೆದನೆಂದೂ ಪ್ರತೀತಿಯುಂಟು. ಹತ್ತು ಆಶ್ವಾಸಗಳ ಆ ಚಂಪೂಕಾವ್ಯವನ್ನು ಓದಿದವರು ಆತನ ಪಾಂಡಿತ್ಯದ ಮಾತನ್ನು ಮತ್ತೆ ಎತ್ತಲಾರರು. ಗಿರಿಜೆಯ ಬಾಲ್ಯ, ಕಾಮನ ದಹನ, ರತಿಯ ಗೋಳು, ತಪಸ್ಸು, ಕಲ್ಯಾಣ, ಇವುಗಳನ್ನು ಹರಿಹರನು ಹಿಮಾಲಯದ ಕಥೆಯಾಗಿ ಹೇಳಿದರೂ ಕಣ್ಣೆದುರಿಗಿದ್ದುದು ಪಂಪಾಕ್ಷೇತ್ರವೇ. ಹಂಪೆಯಲ್ಲಿ ಇಂದಿಗೂ ವರ್ಷಕ್ಕೊಮ್ಮೆ ಪಂಪಾವಿರೂಪಾಕ್ಷರ ನಿಶ್ಚಿತಾರ್ಥವು ಫಲಪೂಜೆಯೆಂಬ ಹೆಸರಿನಿಂದ ನಡೆದು, ಚೈತ್ರದಲ್ಲಿ ಕಲ್ಯಾಣೋತ್ಸವವು ಜರುಗುತ್ತದೆ. ಹೊಸಪೇಟೆ, ಕಂಪ್ಲಿ, ಸಂಡೂರುಗಳಿಂದ ಅದಕ್ಕೆ ಬಂದು ನೆರೆಯುವ ಜನರಿಗೆ ಗಿರಿಜಾಕಲ್ಯಾಣವು ಬರಿಯ ಗ್ರಂಥದ ಹೆಸರಲ್ಲ.

ಹರಿಹರನ ವ್ರತಕ್ಕೆ ಕಠಿನವಾದ ಪರೀಕ್ಷೆ ಬಂದುದು ಹೊರಗಿನಿಂದಲ್ಲ, ಮನೆಯೊಳಗಿನಿಂದ. ರುದ್ರಾಣಿಯ ಮಗ ರಾಘವಾಂಕನನ್ನು ಆತನು ಮಗನಂತೆ ಸಾಕಿ, ವಿದ್ಯೆಯನ್ನಿತ್ತು, ಕವಿತೆಯನ್ನು ಕಲಿಸಿದ್ದನು. ಸೋದರಮಾವನೇ ಗುರುವೂ ಆಗಿದ್ದನು. ಆ ಹುಡುಗನು ಬೆಳೆದು ವಾರ್ಧಕ ಷಟ್ಪದಿಯಲ್ಲಿ ಹರಿಶ್ಚಂದ್ರಕಾವ್ಯವನ್ನು ರಚಿಸಿದನು. ಅರಸನ ಸಭೆಯಲ್ಲಿ ಅದನ್ನು ಓದಿ ಮನ್ನಣೆಯನ್ನೂ ಪಡೆದನು. ಸಂತೋಷದಿಂದ ಬಂದು ಮಾವನ ಮುಂದೆ ನಿಂತಾಗ ಹರಿಹರನ ಮೋರೆ ಕೆಂಪಾಯಿತು. ಸಾವುಳ್ಳ ಒಬ್ಬ ಅರಸನನ್ನು ಹಾಡಿದೆಯಾ ಎಂದು ಕನಲಿ ಪಾದುಕೆಯನ್ನೆತ್ತಿ ಹೊಡೆದನೆಂದೂ, ರಾಘವಾಂಕನ ಐದು ಹಲ್ಲುಗಳು ಉದುರಿದುವೆಂದೂ ಪರಂಪರೆ ಹೇಳುತ್ತದೆ. ಪಶ್ಚಾತ್ತಾಪದಿಂದ ರಾಘವಾಂಕನು ಶಿವಮಹಿಮೆಯ ಐದು ಕಾವ್ಯಗಳನ್ನು ರಚಿಸಲು, ಒಂದೊಂದಕ್ಕೆ ಒಂದೊಂದು ಹಲ್ಲು ಮರಳಿ ಬಂದಿತಂತೆ. ಆತನ ಸಿದ್ಧರಾಮಚರಿತ್ರೆ, ಸೋಮನಾಥಚರಿತ್ರೆ, ವೀರೇಶಚರಿತ್ರೆಗಳು ಉಳಿದುಬಂದಿವೆ. ಶರಭಚಾರಿತ್ರ, ಹರಿಹರಮಹತ್ವಗಳು ಹೆಸರಿನಿಂದ ಮಾತ್ರ ತಿಳಿದಿವೆ.

ಮಾವನ ಸಿಟ್ಟು ನ್ಯಾಯವೇ? ವ್ರತದ ಲೆಕ್ಕದಲ್ಲಿ ನ್ಯಾಯವೆನ್ನಬೇಕು. ತನ್ನ ಮನೆಯವನಿಗೆ ಒಂದು ನೇಮ, ಪರರಿಗೆ ಇನ್ನೊಂದು ನೇಮವೆಂದು ಹರಿಹರನು ಎಣಿಸಲಿಲ್ಲ; ಅಕ್ಕರೆಯ ಅಳಿಯನೆಂದು ಸಡಿಲಿಸಲಿಲ್ಲ. ಆದರೆ ಹರಿಶ್ಚಂದ್ರಕಾವ್ಯವನ್ನು ಓದಿದವರಿಗೆ ಸಂದೇಹವು ಬಾರದಿರದು. ರಾಘವಾಂಕನು ಹಾಡಿದುದು ಸಿಂಹಾಸನದ ಮೇಲಿನ ಅರಸನನ್ನಲ್ಲ. ರಾಜ್ಯವನ್ನು ಕಳೆದು, ಮಡದಿ ಮಕ್ಕಳನ್ನು ಮಾರಿ, ಕಾಶಿಯ ಮಸಣದಲ್ಲಿ ವೀರಬಾಹುಕನಿಗೆ ಆಳಾಗಿ ನಿಂತೂ ಸುಳ್ಳಾಡದ ಮನುಷ್ಯನನ್ನು. ಆ ಸತ್ಯವೂ ಶಿವನೂ ಬೇರಲ್ಲವೆಂಬುದೇ ಆತನ ಕಾವ್ಯದ ತಿರುಳು. ದೇವಲೋಕವನ್ನು ಬೇರೆಲ್ಲಿಯೋ ಅರಸದೆ ದಿಟದ ನಡೆನುಡಿಯಲ್ಲಿಯೇ ಕಾಣಬೇಕೆಂದು ಕಲಿಸಿದ ಬಸವಣ್ಣನವರ ತೂಕದಲ್ಲಿ ಇಟ್ಟರೆ ಅಳಿಯನ ತಕ್ಕಡಿಯೂ ಹಗುರವಾಗದು. ಮಾವನು ನಾಲಗೆಯನ್ನು ಅರಮನೆಯಿಂದ ಬಿಡಿಸಿದನು. ಅಳಿಯನು ಆ ಬಿಡುಗಡೆಯನ್ನೇ ಹಿಡಿದು ಅರಸನನ್ನು ಅರಮನೆಯಿಂದ ಬಿಡಿಸಿ ಮಸಣಕ್ಕೆ ತಂದನು. ರಾಘವಾಂಕನು ಮಾತ್ರ ಹರಿಹರನ ವಿಷಯದಲ್ಲಿ ಎಂದೂ ಕಹಿಯನ್ನು ತೋರಲಿಲ್ಲ. ಹಂಪೆಯ ಹರಿಹರನ ವರಸುತನೆಂಬುದೇ ಆತನು ಹೆಮ್ಮೆಯಿಂದ ಹೇಳಿಕೊಂಡ ಬಿರುದು. ಹೊಡೆಸಿಕೊಂಡವನೇ ಹೊಡೆದವನ ಮಹತ್ವವನ್ನು ಕುರಿತು ಕಾವ್ಯವನ್ನು ಬರೆದನೆಂದ ಮೇಲೆ ಹೆಚ್ಚಿಗೆ ಹೇಳತಕ್ಕುದಿಲ್ಲ.

ಹರಿಹರನು ಹಂಪೆಯಲ್ಲಿಯೇ ಬಾಳನ್ನು ಸವೆಸಿದನು. ಆತನ ತರುವಾಯ ಅಲ್ಲಿ ಸಾಮ್ರಾಜ್ಯವು ಎದ್ದಿತು, 1565ರಲ್ಲಿ ಬಿದ್ದಿತು. ರಾಜಬೀದಿಗಳಲ್ಲಿ ಜಾಲಿ ಬೆಳೆಯಿತು. ಆ ಕಾಲದಲ್ಲೆಲ್ಲ ರಗಳೆಗಳು ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ತಾಳೆಯ ಗರಿಯಿಂದ ತಾಳೆಯ ಗರಿಗೆ ಇಳಿಯುತ್ತ, ಪೂಜೆಯ ಗೂಡುಗಳಲ್ಲಿ ವಿಭೂತಿಯ ಗಟ್ಟಿಯ ಪಕ್ಕದಲ್ಲಿ ಉಳಿದುಬಂದುವು. 1880ರಲ್ಲಿ ಹುಟ್ಟಿ 1964ರಲ್ಲಿ ಲಿಂಗೈಕ್ಯರಾದ ಫ.ಗು. ಹಳಕಟ್ಟಿಯವರು ಮನೆಮನೆಯನ್ನು ತಿರುಗಿ ವಚನಗಳ ಕಟ್ಟುಗಳನ್ನು ಸಂಗ್ರಹಿಸಿದಾಗ ಹರಿಹರನ ರಗಳೆಗಳೂ ಅವರ ಕೈಸೇರಿದುವು. ವಿಜಾಪುರದ ತಮ್ಮ ಹಿತಚಿಂತಕ ಮುದ್ರಣಾಲಯದ ಮೂಲಕ ಅವರು ಅವುಗಳನ್ನು ಬೆಳಕಿಗೆ ತಂದರು. ಬಸವರಾಜದೇವರ ರಗಳೆಯನ್ನು ಟಿ.ಎಸ್. ವೆಂಕಣ್ಣಯ್ಯನವರು ಸಂಪಾದಿಸಿ ವಿದ್ಯಾರ್ಥಿಗಳ ಕೈಗಿತ್ತರು. 1991ರಲ್ಲಿ ಹಂಪೆಯ ಹೆಸರಿನಲ್ಲಿಯೇ ಕನ್ನಡ ವಿಶ್ವವಿದ್ಯಾಲಯವು ಹುಟ್ಟಿತು. ವಿರೂಪಾಕ್ಷನ ಗುಡಿಯ ಬಾಗಿಲಲ್ಲಿ, ನಸುಕಿನಲ್ಲಿಯೇ ಹೂ ಮಾರುವವರು ಬುಟ್ಟಿಗಳನ್ನು ಇಳಿಸಿಕೊಂಡು ಕುಳಿತಿರುತ್ತಾರೆ.